‘ರನ್’ ಅಂದರೆ ಬರೀ ಓಟವೇ?

ಪ್ರಶ್ನೆ: ಮೇಡಂ, ‘ರನ್’ ಅಂದ್ರೆ ಓಡು ಅಂತ ಶಾಲೆಯಲ್ಲಿ ಕಲಿತೆ. ಈಗ ಇಂಗ್ಲಿಷ್ ಪೇಪರ್ ಓದಿದರೆ ಮೂಗು, ರಸ್ತೆ, ಅಂಗಡಿ ಎಲ್ಲದಕ್ಕೂ ಅದೇ ಪದ. ಡಿಕ್ಷನರಿಯಲ್ಲಿರುವ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಬೇಕಾ? ಇನ್ನೊಂದು: ಚುನಾವಣೆಗೆ ನಿಲ್ಲುವುದಕ್ಕೆ ‘ರನ್’ ಸರಿಯಾ, ‘ಸ್ಟ್ಯಾಂಡ್’ ಸರಿಯಾ?

ಉತ್ತರ: ಬಾಯಿಪಾಠ ಬೇಡವೇ ಬೇಡ. ಆಗುವ ಮಾತೂ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯವರು ಈ ಪದವನ್ನು ಹೊಸದಾಗಿ ಪರಿಷ್ಕರಿಸಿದಾಗ ಕ್ರಿಯಾಪದಕ್ಕೇ 645 ಅರ್ಥ ಸಿಕ್ಕವು. ಪೀಟರ್ ಗಿಲಿವರ್ ಎಂಬ ಸಂಪಾದಕರು ಇದೊಂದೇ ಪದಕ್ಕೆ 9 ತಿಂಗಳು ಕೂತರು. 1989ರ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳ ಪದ ಎಂಬ ಪಟ್ಟ ‘ಸೆಟ್’ ಪದಕ್ಕಿತ್ತು.

ಗಾಬರಿ ಬೇಡ. ‘ಸಿನಿಮಾ ನೂರು ದಿನ ಓಡಿತು’, ‘ಇವತ್ತು ತಲೆನೇ ಓಡ್ತಿಲ್ಲ’ ಅಂತ ನೀವೂ ಹೇಳ್ತೀರಿ. ಅದನ್ನು ನಿಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ, ಅಲ್ವಾ? ತೊಡಕು ಬರುವುದು ಕನ್ನಡ ಬೇರೆ ದಾರಿ ಹಿಡಿಯುವ ಕಡೆ. ನಮ್ಮಲ್ಲಿ ಮೂಗು ಸೋರುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಒಗೆದಾಗ ಬಟ್ಟೆ ಬಣ್ಣ ಬಿಡುತ್ತದೆ. ಇಂಗ್ಲಿಷಿಗೆ ಈ ಮೂರೂ ‘ರನ್’. ದ್ರವ ಹರಿಯಿತು ಅಂದ್ರೆ ಸಾಕು. ರಸ್ತೆ ತಾನೇನೂ ಹರಿಯಲ್ಲ, ಆದರೆ ಉದ್ದಕ್ಕೂ ಹೋಗಿದೆಯಲ್ಲ, ಅದಕ್ಕೂ ಅದೇ.

ನಾನು ಮಕ್ಕಳಿಗೆ ಹೇಳುವುದು ಒಂದೇ: ಪದವನ್ನು ದಿಟ್ಟಿಸಬೇಡಿ, ಅದರ ಅಕ್ಕಪಕ್ಕ ನೋಡಿ. ‘ಶಿ ರನ್ಸ್ ಟು ದ ಶಾಪ್’ ಅಂದ್ರೆ ಅಂಗಡಿಗೆ ಓಡ್ತಾಳೆ. ನಡುವಿನ ‘ಟು’ ತೆಗೆಯಿರಿ. ‘ಶಿ ರನ್ಸ್ ದ ಶಾಪ್.’ ಈಗ ಅಂಗಡಿ ನಡೆಸುವವಳೇ ಅವಳು! ‘ಟು’ ಇದ್ದಾಗ ಓಡಿದ್ದು ಅವಳು. ಅದು ಹೋದ ಮೇಲೆ ನಡೆಯುತ್ತಿರುವುದು ಅಂಗಡಿ, ನಡೆಸುತ್ತಿರುವುದು ಅವಳು. ಯಂತ್ರ, ಕಂಪ್ಯೂಟರ್ ಪ್ರೋಗ್ರಾಂ, ಸಂಸ್ಥೆ ಎಲ್ಲವೂ ಈ ದಾರಿಯಲ್ಲೇ ಬರುತ್ತವೆ.

‘ರನ್ ಔಟ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೋಂವರ್ಕ್ ನೋಡುವಾಗ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆಯುವ ಜಾಗ ಇದು. ಕ್ರಿಕೆಟ್‌ನದು ನಿಮಗೆ ಗೊತ್ತೇ ಇದೆ. ಇನ್ನೊಂದು, ಏನಾದರೂ ಮುಗಿದುಹೋಗುವುದು. ಕಾಗದ ಮುಗಿದರೆ ‘ದ ಪೇಪರ್ ಹ್ಯಾಸ್ ರನ್ ಔಟ್’. ವಾಕ್ಯ ನಮ್ಮಿಂದ ಶುರುವಾದರೆ ಮಾತ್ರ ‘ಆಫ್’ ಬೇಕು: ‘ವಿ ಹ್ಯಾವ್ ರನ್ ಔಟ್ ಆಫ್ ಪೇಪರ್’. ಆ ‘ಆಫ್’ ಬಿಟ್ಟರೆ ವಾಕ್ಯ ಕೆಡುತ್ತದೆ. ‘ಹ್ಯಾವ್’ ಆದಮೇಲೆ ‘ರ್‍ಯಾನ್’ ಕೂಡ ಬರೆಯಬೇಡಿ, ಅಲ್ಲಿ ‘ರನ್’ ಅಂತಲೇ ಇರಬೇಕು. ‘ರನ್ ಇಂಟು’ ಬಂದಾಗ ಮುಂದೇನಿದೆ ನೋಡಿ. ಗೋಡೆ ಇದ್ದರೆ ಡಿಕ್ಕಿ. ಹಳೆಯ ಸ್ನೇಹಿತರಿದ್ದರೆ ಸಾಮಾನ್ಯವಾಗಿ ಅಚಾನಕ್ ಭೇಟಿ. ಕಷ್ಟ ಇದ್ದರೆ, ಕೆಲಸಕ್ಕೆ ಅಡ್ಡಿ ಬಂತು ಅಂತ.

ಹೊಸ ಬಳಕೆ ಕಂಡಾಗ ಅರ್ಥವನ್ನಷ್ಟೇ ಬರೆದುಕೊಳ್ಳಬೇಡಿ. ಇಡೀ ವಾಕ್ಯ ಬರೆದುಕೊಳ್ಳಿ, ಒಮ್ಮೆ ಜೋರಾಗಿ ಓದಿ. ಅರ್ಥ ಮರೆತರೂ ವಾಕ್ಯ ನಾಲಿಗೆ ಮೇಲಿರುತ್ತದೆ.

ಚುನಾವಣೆಯ ಪ್ರಶ್ನೆಗೆ: ಎರಡೂ ಸರಿ. ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ರೂಢಿ, ಅಮೆರಿಕದಲ್ಲಿ ‘ರನ್’. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೆ. ಎರಡಕ್ಕೂ ಮುಂದೆ ‘ಫಾರ್’ ಬರುತ್ತದೆ, ಅದನ್ನು ಮರೆಯಬೇಡಿ.