ಪ್ರಾಜೆಕ್ಟೂ ಇಲ್ಲ, ಬಹುಮಾನವೂ ಇಲ್ಲ. ಬೇಸಿಗೆ ಫೆಲೋಶಿಪ್ ಅರ್ಜಿಯ 250 ಪದಗಳಲ್ಲಿ ಏನು ಬರೆಯಲಿ?

ನೀವು ಕೇಳಿದ್ದು ಇಷ್ಟು: ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ, ಫಿಸಿಕ್ಸ್. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಬೇಕು. ಅದರಲ್ಲಿ 250 ಪದಗಳಷ್ಟು ಒಂದು ಬರಹ ಕೇಳುತ್ತಾರೆ. ನಿಮ್ಮ ಹತ್ತಿರ ಹೇಳಿಕೊಳ್ಳುವಂಥ ಪ್ರಾಜೆಕ್ಟೂ ಇಲ್ಲ, ಬಹುಮಾನವೂ ಇಲ್ಲ. ಹಾಗಿದ್ದ ಮೇಲೆ ಏನು ಬರೆಯೋದು?

ನಾನು ಇದಕ್ಕೆ ಎರಡು ಸಲ ಅರ್ಜಿ ಹಾಕಿದವನು. ಮೊದಲ ಸಲ ಸಿಗಲಿಲ್ಲ, ಎರಡನೇ ಸಲ ಸಿಕ್ಕಿತು. ಈಗ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಪ್ರತಿ ವರ್ಷ ನಮ್ಮ ಮಕ್ಕಳ ಬರಹಗಳನ್ನು ಕೂತು ಓದುತ್ತೇನೆ. ಆಯ್ಕೆ ಸಮಿತಿಯಲ್ಲಿ ನಾನು ಯಾವತ್ತೂ ಇದ್ದವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೂರು ಅಕಾಡೆಮಿಗಳು ಸೇರಿ ಇದನ್ನು ನಡೆಸುತ್ತವೆ. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಒಂದು, ದೆಹಲಿಯದು ಒಂದು, ಪ್ರಯಾಗರಾಜ್‌ನದು ಒಂದು. ಆಯ್ಕೆಯಾದರೆ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಅವರ ಲ್ಯಾಬಿನಲ್ಲೇ ಕೆಲಸ. ಸ್ಟೈಪೆಂಡ್ ಕೊಡುತ್ತಾರೆ, ರೈಲು ಖರ್ಚೂ ಕೊಡುತ್ತಾರೆ. ಹಾಗಾಗಿ ಮನೆಯಲ್ಲಿ ದುಡ್ಡಿಲ್ಲ ಅಂತ ಅರ್ಜಿ ಹಾಕದೆ ಇರಬೇಡಿ.

ಈಗ ಬರಹಕ್ಕೆ ಬರೋಣ. ನನ್ನ ಮೊದಲ ಅರ್ಜಿಯಲ್ಲಿ ನಾನು ಬರೆದಿದ್ದು ಬಾಲ್ಯದಿಂದ ವಿಜ್ಞಾನದಲ್ಲಿ ಆಸಕ್ತಿ, ಕಲಾಂ ಅವರು ಸ್ಫೂರ್ತಿ, ದೇಶಕ್ಕೆ ಸೇವೆ ಮಾಡುವ ಆಸೆ. ಒಂದೂ ಸುಳ್ಳಲ್ಲ. ಆದರೆ ನನ್ನ ಹೆಸರು ಅಳಿಸಿ ಪಕ್ಕದ ಬೆಂಚಿನವನ ಹೆಸರು ಹಾಕಿದ್ದರೂ ಒಂದಕ್ಷರ ಬದಲಾಯಿಸಬೇಕಾಗಿರಲಿಲ್ಲ. ಓದುವವರಿಗೆ ನಾನು ಯಾರು ಅಂತ ಅದರಿಂದ ಹೇಗೆ ಗೊತ್ತಾಗಬೇಕು?

ನಿಮ್ಮ ಹತ್ತಿರ ಪ್ರಾಜೆಕ್ಟ್ ಇಲ್ಲ ಅಂದಿರಿ. ಪ್ರಾಕ್ಟಿಕಲ್ ಇದೆ ಅಲ್ವಾ? ವಾರಕ್ಕೊಂದು ಸಲ ಲ್ಯಾಬಿಗೆ ಹೋಗುತ್ತೀರಿ ಅಲ್ವಾ? ರೆಕಾರ್ಡ್ ಬುಕ್ ತೆಗೆಯಿರಿ. ಯಾವ ಪ್ರಯೋಗದಲ್ಲಿ ರೀಡಿಂಗ್ ಸರಿ ಬರಲಿಲ್ಲ, ಯಾವುದರಲ್ಲಿ ಉತ್ತರ ಬಂದರೂ ಯಾಕೆ ಬಂತು ಅಂತ ತಿಳಿಯಲಿಲ್ಲ, ಅದನ್ನು ಹುಡುಕಿ. ನಿಮ್ಮ ಬರಹ ಇರುವುದು ಅಲ್ಲೇ.

ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ. ಎರಡು ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ನನ್ನ ಹತ್ತಿರ ಬರಹ ತಂದಳು. ಮತ್ತದೇ ಬಾಲ್ಯ, ಅದೇ ಸ್ಫೂರ್ತಿ. ನಾನು ಹಾಳೆ ಪಕ್ಕಕ್ಕಿಟ್ಟು ಕೇಳಿದೆ, ‘ಲ್ಯಾಬಿನಲ್ಲಿ ನಿನಗೆ ತಲೆಕೆಟ್ಟ ದಿನ ಯಾವುದಮ್ಮಾ?’ ಅವಳು ತಕ್ಷಣ ಹೇಳಿದಳು, ‘ನ್ಯೂಟನ್ಸ್ ರಿಂಗ್ಸ್, ಸರ್.’

ಪ್ರಯೋಗ ನಿಮಗೂ ಗೊತ್ತಿರುತ್ತೆ. ಗಾಜಿನ ಪ್ಲೇಟಿನ ಮೇಲೆ ಲೆನ್ಸ್ ಇಟ್ಟು ಸೋಡಿಯಂ ಲ್ಯಾಂಪಿನ ಹಳದಿ ಬೆಳಕು ಬಿಟ್ಟು, ಟ್ರಾವೆಲಿಂಗ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಉಂಗುರಗಳು ಕಾಣುತ್ತವೆ. ನಡುವಿನ ಚುಕ್ಕೆ ಕಪ್ಪಗಿರಬೇಕು, ಪುಸ್ತಕದಲ್ಲೂ ಹಾಗೇ ಇದೆ. ಅವಳಿಗೆ ಚುಕ್ಕೆ ಬೆಳ್ಳಗೆ, ಅಂದರೆ ಕಪ್ಪಿನ ಬದಲು ಬೆಳಕಾಗಿ, ಕಂಡಿತ್ತು. ಪಕ್ಕದವರು ‘ಸುಮ್ನೆ ಕಪ್ಪು ಅಂತ ಬರಿ’ ಅಂದರು. ಇವಳು ಬರೆಯಲಿಲ್ಲ. ಬೆಳ್ಳಗಿದ್ದ ಹಾಗೇ ರೀಡಿಂಗ್ ತೆಗೆದಳು. ಆಮೇಲೆ ಲೆನ್ಸು, ಪ್ಲೇಟು ಎರಡನ್ನೂ ಹತ್ತಿಬಟ್ಟೆಯಲ್ಲಿ ಒರೆಸಿ ಮತ್ತೆ ಇಟ್ಟಳು. ಚುಕ್ಕೆ ಕಪ್ಪಾಯಿತು. ನಡುವೆ ಧೂಳು ಕೂತು ಲೆನ್ಸ್ ಒಂದು ಚೂರು ಮೇಲೆದ್ದಿತ್ತು, ಅಷ್ಟೇ. ಆದರೆ ಅವಳ ತಲೆ ಕೆಟ್ಟಿದ್ದು ಆಮೇಲೆ. ಎರಡೂ ಸಲದ ರೀಡಿಂಗಿನಿಂದ ಲೆನ್ಸಿನ ಬಾಗಿದ ಮೈಯ ತ್ರಿಜ್ಯ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒಂದೇ ಉತ್ತರ! ಧೂಳಿದ್ದರೂ ಉತ್ತರ ಯಾಕೆ ಕೆಡಲಿಲ್ಲ? ಮನೆಗೆ ಹೋಗಿ ಸೂತ್ರ ಬಿಡಿಸಿ ನೋಡಿದಾಗ ಗೊತ್ತಾಯಿತಂತೆ. ನಾವು ಒಂದು ಉಂಗುರದ ವ್ಯಾಸ ಬಳಸುವುದಿಲ್ಲ, ಎರಡು ಉಂಗುರಗಳ ವ್ಯಾಸದ ವರ್ಗಗಳನ್ನು ಕಳೆಯುತ್ತೇವೆ. ಧೂಳಿನ ದಪ್ಪ ಎರಡರಲ್ಲೂ ಒಂದೇ ಆದ್ದರಿಂದ ಕಳೆದಾಗ ಹೊರಟುಹೋಗುತ್ತದೆ.

‘ಇದನ್ನು ಯಾಕೆ ಬರೆದಿಲ್ಲ?’ ಅಂದೆ. ‘ಇದು ಮಾಮೂಲಿ ಪ್ರಾಕ್ಟಿಕಲ್ ಅಲ್ವಾ ಸರ್’ ಅಂದಳು.

ಆ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. ನಮ್ಮ ಮಕ್ಕಳು ಮಾಡಿದ ಅಸಲಿ ವಿಜ್ಞಾನ ರೆಕಾರ್ಡ್ ಬುಕ್ಕಿನ ಹೊರಗೇ ಉಳಿದುಬಿಡುತ್ತದೆ, ಅದನ್ನು ಯಾರೂ ಕೇಳುವುದಿಲ್ಲ, ಕೇಳುವವರಿಲ್ಲ ಅಂತ ಅವರೂ ಮರೆಯುತ್ತಾರೆ. ಒಂದು ಲ್ಯಾಬಿಗೆ ಬೇಕಾಗಿರುವುದು ಇಂಥವರೇ. ಕಂಡಿದ್ದನ್ನು ಕಂಡ ಹಾಗೆ ಬರೆಯುವವರು, ಯಾಕೆ ಅಂತ ಬೆನ್ನು ಹತ್ತುವವರು.

ಅವಳು ಹೊಸದಾಗಿ ಬರೆದಳು. ಮೊದಲ ವಾಕ್ಯವೇ ‘ನನ್ನ ಉಂಗುರಗಳ ನಡುವೆ ಚುಕ್ಕೆ ಬೆಳ್ಳಗಿತ್ತು’ ಅಂತ. ಅರ್ಧ ಬರಹ ಆ ಮಧ್ಯಾಹ್ನದ್ದು. ಆಮೇಲೆ ಒಂದು ಪ್ರಶ್ನೆ: ಧೂಳಿನಷ್ಟು ತೆಳುವಾದದ್ದು ಉಂಗುರಗಳನ್ನು ಹೀಗೆ ಸರಿಸುತ್ತದೆ ಅಂದರೆ, ಅದನ್ನೇ ತಿರುಗಿಸಿ ತೆಳು ಪದರಗಳ ದಪ್ಪ ಅಳೆಯುತ್ತಾರಾ? ಅಳೆಯುತ್ತಾರೆ ಅಂತ ಓದಿ ತಿಳಿದಿದ್ದಳು, ಎಲ್ಲಿ ಓದಿದ್ದು, ಅದರಲ್ಲಿ ಎಷ್ಟು ತಿಳಿಯಲಿಲ್ಲ, ಅದನ್ನೂ ಬರೆದಳು. ಕೊನೆಗೆ ಎರಡು ತಿಂಗಳಲ್ಲಿ ಏನು ಕಲಿಯಬೇಕು ಅಂತ ಎರಡೇ ಸಾಲು. ಅವಳಿಗೆ ಸಿಕ್ಕಿತು. ಅದೇ ವರ್ಷ ನಮ್ಮಲ್ಲಿ ಅಷ್ಟೇ ಚೆನ್ನಾಗಿ ಬರೆದ ಇನ್ನೊಬ್ಬ ಹುಡುಗನಿಗೆ ಸಿಗಲಿಲ್ಲ, ಅದನ್ನೂ ಹೇಳಬೇಕು. ಇರುವ ಜಾಗಕ್ಕಿಂತ ಅರ್ಜಿಗಳು ತುಂಬಾ ಜಾಸ್ತಿ. ಅಂಕಗಳನ್ನೂ ನೋಡುತ್ತಾರೆ, ಮೇಷ್ಟ್ರ ಶಿಫಾರಸು ಪತ್ರವನ್ನೂ ನೋಡುತ್ತಾರೆ.

ವಿಷಯ ಹುಡುಕುವುದು ಹೇಗೆ ಅಂದರೆ, ಬೆಂಗಳೂರಿನ ಅಕಾಡೆಮಿಯೇ 1996ರಿಂದ ರೆಸೋನೆನ್ಸ್ ಅನ್ನುವ ಪತ್ರಿಕೆ ತರುತ್ತಿದೆ. ಡಿಗ್ರಿ ಮಕ್ಕಳು ಓದಲಿ ಅಂತಲೇ ಬರೆಸಿದ ಲೇಖನಗಳು. ಹಳೆಯ ಸಂಚಿಕೆಗಳೆಲ್ಲ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಪ್ರಶ್ನೆಗೆ ಹತ್ತಿರದ ಒಂದೇ ಒಂದು ಲೇಖನ ಹುಡುಕಿ, ಪೆನ್ಸಿಲ್ ಹಿಡಿದು ಓದಿ. ಎಲ್ಲಿ ಕೈ ನಿಂತಿತೋ ಅಲ್ಲಿ ಗೆರೆ ಹಾಕಿ. ಬರಹದಲ್ಲಿ ‘ಇಲ್ಲಿಯವರೆಗೆ ತಿಳಿಯಿತು, ಇಲ್ಲಿಂದಾಚೆ ತಿಳಿಯಲಿಲ್ಲ’ ಅಂತ ಧೈರ್ಯವಾಗಿ ಹೇಳಿ. ಕ್ವಾಂಟಂ ಕಂಪ್ಯೂಟಿಂಗ್, ನ್ಯಾನೋ ಅಂತ ದೊಡ್ಡ ಹೆಸರು ತಂದು ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಎರಡು ತಿಂಗಳಲ್ಲಿ ಹೊಸದೇನೋ ಕಂಡುಹಿಡಿಯುತ್ತೇನೆ ಅಂತ ಮಾತು ಕೊಡಬೇಡಿ. ನನಗೆ ಅಲ್ಲಿ ಉಪಕರಣ ಸರಿಯಾಗಿ ಹೊಂದಿಸುವುದು ಕಲಿಯುವುದಕ್ಕೇ ಹತ್ತಿರ ಹತ್ತಿರ ಮೂರು ವಾರ ಹಿಡಿಯಿತು, ಆದರೂ ಅದು ನನ್ನ ಬದುಕಿನ ಅತ್ಯಂತ ಒಳ್ಳೆಯ ಬೇಸಿಗೆ.

ಇಂಗ್ಲಿಷ್ ಬಗ್ಗೆ ಭಯ ಅಂತಲೂ ಬರೆದಿದ್ದೀರಿ. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೊದಲು ಪೂರ್ತಿ ಕನ್ನಡದಲ್ಲಿ ಬರೆಯಿರಿ, ತಮ್ಮನಿಗೋ ತಂಗಿಗೋ ಕೂರಿಸಿಕೊಂಡು ಹೇಳುವ ಹಾಗೆ. ಆಮೇಲೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ಕಾಗುಣಿತ, ವ್ಯಾಕರಣ ಯಾರಾದರೂ ತಿದ್ದಲಿ, ತೊಂದರೆ ಇಲ್ಲ. ವಾಕ್ಯಗಳನ್ನು ಅಲಂಕಾರ ಮಾಡಲು ಮಾತ್ರ ಬಿಡಬೇಡಿ. ಆ ಹುಡುಗಿಯ ಬರಹವನ್ನು ಯಾರೋ ಪರಿಚಯದವರು ಚಂದ ಮಾಡಿಕೊಡುತ್ತೇನೆ ಅಂತ ತಿದ್ದಿ, ಬಿಳಿ ಚುಕ್ಕೆಯನ್ನೇ ಎತ್ತಿ ಹಾಕಿಬಿಟ್ಟಿದ್ದರು, ಅದರ ಜಾಗದಲ್ಲಿ ಬೆಳಕಿನ ಮಹಿಮೆ ಬಂದು ಕೂತಿತ್ತು. ವಾಪಸ್ ತೆಗೆಸಿದೆವು. ಎಐ ಹತ್ತಿರ ಬರೆಸಿದರೂ ಆಗುವುದು ಇದೇ. ಆ ದಿನ ಲ್ಯಾಬಿನಲ್ಲಿ ನಿಮಗೆ ಏನು ಕಂಡಿತು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ಶಿಫಾರಸು ಪತ್ರದ ವಿಷಯ ಒಂದಿದೆ. ಕೊನೇ ದಿನ ಹೋಗಿ ಮೇಷ್ಟ್ರನ್ನು ಕೇಳಬೇಡಿ, ಮೂರು ವಾರ ಮುಂಚೆ ಕೇಳಿ. ಕೇಳುವಾಗ ನಿಮ್ಮ ಬರಹದ ಒಂದು ಪ್ರತಿ ಕೈಗೆ ಕೊಡಿ. ಎಂಬತ್ತು ಮಕ್ಕಳ ಕ್ಲಾಸಿನಲ್ಲಿ ನಿಮ್ಮ ಆ ಒಂದು ಮಧ್ಯಾಹ್ನ ನಮಗೆ ನೆನಪಿರುವುದಿಲ್ಲ. ಓದಿದರೆ ನೆನಪಾಗುತ್ತದೆ, ಆಗ ನಾವೂ ‘ಶ್ರದ್ಧಾವಂತ ವಿದ್ಯಾರ್ಥಿ’ ಅಂತ ಬರೆದು ಕೈಬಿಡದೆ ಏನಾದರೂ ನಿಜವಾದದ್ದು ಬರೆಯಬಹುದು. ಅಕಾಡೆಮಿಯ ವೆಬ್‌ಸೈಟಿನಲ್ಲಿ ಈ ವರ್ಷದ ಕೊನೆಯ ದಿನಾಂಕ ಇವತ್ತೇ ನೋಡಿಕೊಳ್ಳಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ಮೇಷ್ಟ್ರ ಹತ್ತಿರ ಹೋಗುವ ದಿನ ಗುರುತು ಮಾಡಿ. ರೆಕಾರ್ಡ್ ಬುಕ್ ಇಂಟರ್ನಲ್ಸ್‌ಗೆ ಅಂತ ಡಿಪಾರ್ಟ್‌ಮೆಂಟಿನಲ್ಲಿ ಕೊಟ್ಟಿದ್ದರೆ ನಾಳೆಯೇ ಹೋಗಿ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ.