ಪೆಟ್ಟಿಗಿ ಮೊದಲ ಕೆಳಗ ಇಳಸ್ರಿ

ಹಾರ್ಮೋನಿಯಂ ತಿರುಗಿ ಹೆಂಗ ಹಿಡೀಲಿ, ಟೈಮ್ ಇಲ್ಲ ಅಂತ ಬರದೀರಿ. ಟೈಮ್ ಇಲ್ಲ ಅನ್ನೂದು ಖರೇ ಕಾರಣ ಅಲ್ಲ ಅನಸ್ತದ. ಅಪ್ಪ ತೀರಿದ ಮ್ಯಾಲ ಎಂಟು ತಿಂಗಳಿಂದ ಹಾರ್ಮೋನಿಯಂ ಮುಟ್ಟಿಲ್ಲ, ಬೆಳಗಾವಿ ಉದ್ಯಮಬಾಗದ ಕಾರ್ಖಾನಿಯಾಗ ಶಿಫ್ಟ್ ಮುಗಿಸಿ ಬಂದ್ರ ಕೈ ಏಳೂದಿಲ್ಲ ಅಂದೀರಿ. ದಿನಾ ಕುಂತು ಕೇಳತಿದ್ದವರು ಅವರ ಅಂತನೂ ಬರದೀರಿ. ನಿಮ್ಮ ಕೈ ಕಟ್ಟಿ ಹಾಕಿದ್ದು ಅಪ್ಪನ ಆ ಖಾಲಿ ಕುರ್ಚಿ. ನಂದೂ ಹಂಗ ಆಗಿತ್ತು.

ಮೊದಲ ಹಾರ್ಮೋನಿಯಂ ಪೆಟ್ಟಿಗಿ ಅಟ್ಟದಿಂದ ಇಳಸಿ ಕಣ್ಣಿಗೆ ಬೀಳೂ ಕಡೆ ಇಡ್ರಿ. ಬೆಳಗಾವಿ ಮಳಿ ಥಂಡಿ ಕುಡದಿರ್ತದ. ಯಾವ ಮನಿನೂ (ಕೀಲಿ) ಒತ್ತದ ತಿದಿ ಹಾಕಿ ನೋಡ್ರಿ, ಗಾಳಿ ತಾನ ಲಗೂ ಇಳದ್ರ ರಿಪೇರಿಗೆ ಕೊಡ್ರಿ. ಸೋರೂ ಪೆಟ್ಟಿಗಿ ಮುಂದ ಕುಂತ್ರ ಇದ್ದ ಮನಸ್ಸೂ ಹೋಗ್ತದ.

ಆಮ್ಯಾಲ ಹದಿನೈದು ದಿನ ಹಾಡು ಬ್ಯಾಡ, ಬರೇ ಸಾ (ಮೊದಲನೇ ಸ್ವರ) ಹಿಡೀರಿ, ಹತ್ತು ನಿಮಿಷ. ಶಿಫ್ಟ್ ಬದಲಾಗ್ತದಲ್ಲ, ಗಡಿಯಾರ ನೋಡಬ್ಯಾಡ್ರಿ. ಎದ್ದು ಚಾ ಕುಡದ ಕೂಡ್ಲೇ ಕೂಡ್ರಿ. ನೈಟ್ ಶಿಫ್ಟಿನ ವಾರ ಬಿಟ್ಟಬಿಡ್ರಿ. (ಸಣ್ಣದಾಗಿ ಶುರು ಮಾಡಿದ್ರೂ ನಡೀತದ. ನಮ್ಮ ಬೆಳಗಾವಿ ಹತ್ರದ ಸುಳೇಭಾವಿಯಾಗ ಹುಟ್ಟಿದ ಗಾಯಕ ಕುಮಾರ ಗಂಧರ್ವರು ಕ್ಷಯದಿಂದ ವರ್ಷಗಟ್ಟಲೆ ಹಾಡಿರಲಿಲ್ಲ, ತಿರುಗಿ ಹಾಡಿದಾಗ ಉಸಿರಿಗೆ ತಕ್ಕಂಗ ಸಣ್ಣ ಸಣ್ಣ ತುಣುಕು ಹಾಡಿದ್ರು.)

ಭಜನಿಗೆ ಈಗ ಹೋಗೂದು ಛಲೋನೋ ಅಲ್ಲೋ ಅಂತ ಕೇಳೀರಿ, ನಾ ಹೇಳಲಾರೆ. ನಂಗಂತೂ ಮಂದಿ ನಡುವ ಹಗೂರ ಆತು. ನಿದ್ದಿ, ಊಟನೂ ಕೆಟ್ಟಿದ್ರ ಮಾತ್ರ ಕಾಯಬ್ಯಾಡ್ರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚರಿ, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ.