ನಾನಿರೋದು ತೀರ್ಥಹಳ್ಳಿ ಕಡೆ. ಮುಂದಿನ ಕಾಲಿನ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂಭಾಗದ ಸ್ನಾಯು) ಬಿಗಿ, ಆರು ತಿಂಗಳಾದ್ರೂ ಫ್ರಂಟ್ ಸ್ಪ್ಲಿಟ್ (ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ನೇರ ಚಾಚಿ ನೆಲಕ್ಕೆ ಕೂರೋದು) ಬರ್ತಿಲ್ಲ, ನೆಲಕ್ಕೆ ಇನ್ನೂ ಒಂದು ಗೇಣು ಬಾಕಿ. ನನ್ನ ಮೈಗೆ ಇದು ಆಗೋದೇ ಇಲ್ವಾ?

ದಯವಿಟ್ಟು ಬಿಡ್ಬೇಡಿ. ದೊಡ್ಡವರಾದ್ಮೇಲೆ ಶುರು ಮಾಡಿದವ್ರಿಗೆ ಹನುಮಾನಾಸನ (ಫ್ರಂಟ್ ಸ್ಪ್ಲಿಟ್‌ಗೆ ಯೋಗದಲ್ಲಿರೋ ಹೆಸರು) ಪೂರ್ತಿ ಬರೋಕೆ ವರ್ಷ, ಎರಡು ವರ್ಷ ಹಿಡಿಯೋದು ಮಾಮೂಲಿ. ಮೊದಲ ಕೆಲವು ವಾರ ಬೇಗ ಬೇಗ ಇಳಿದಂಗೆ ಅನ್ಸುತ್ತಲ್ಲ, ಅದು ಹೆಚ್ಚಾಗಿ ಸ್ನಾಯು ಉದ್ದ ಆಗಿದ್ದಲ್ಲ, ಆ ಎಳೆತ ತಡ್ಕೊಳ್ಳೋಕೆ ನರಮಂಡಲ ಒಪ್ಕೊಂಡಿದ್ದು, ಆಮೇಲೆ ಸ್ಪೀಡ್ ಕಮ್ಮಿ ಆಗುತ್ತೆ, ಬಹಳ ಜನ ಕೈಚೆಲ್ಲೋದು ಅಲ್ಲೇ.

ನೀವು ಮುಂದಿನ ಕಾಲಿನ ಹ್ಯಾಮ್‌ಸ್ಟ್ರಿಂಗ್ ಬಗ್ಗೆ ಮಾತ್ರ ಬರೆದಿದೀರಿ. ಆದ್ರೆ ದಿನವಿಡೀ ಕೂತು ಕೆಲಸ ಮಾಡೋರಿಗೆ ಎಷ್ಟೋ ಸಲ ಅಡ್ಡ ಬರೋದು ಹಿಂದಿನ ಕಾಲಿನ ಕಡೆ, ಸೊಂಟದ ಮುಂಭಾಗ. ಲೋ ಲಂಜ್ (ಹಿಂದಿನ ಮಂಡಿ ನೆಲಕ್ಕೂರಿ, ಮುಂದಿನ ಮಂಡಿ ಮಡಚಿ ಸೊಂಟ ಕೆಳಗಿಳಿಸೋದು) ಜಾಸ್ತಿ ಮಾಡಿ. ಸೊಂಟ ಪಕ್ಕಕ್ಕೆ ತಿರುಗಿಸಿ ನೆಲ ಮುಟ್ಟೋದಕ್ಕಿಂತ ಎರಡೂ ಕಡೆ ಕೈ ಊರೋಕೆ ಯೋಗ ಬ್ಲಾಕ್ (ಇಟ್ಟಿಗೆಯಂಥ ತುಂಡು) ಇಟ್ಕೊಂಡು, ಸೊಂಟ ನೇರ ಇಟ್ಟು, ಎರಡಿಂಚು ಮೇಲೇ ನಿಲ್ಲೋದು ನನ್ನ ಪ್ರಕಾರ ನೂರು ಪಾಲು ಮೇಲು.

ತೀರ್ಥಹಳ್ಳಿ ಕಡೆ ಅಂದ್ರಲ್ಲ, ಜೂನ್‌ ಜುಲೈ ಮಳೇಲಿ ಬೆಳಿಗ್ಗೆ ಮೈ ಸೆಟೆದಿರುತ್ತೆ, ಹೊರಗೆ ವಾಕಿಂಗೂ ಕಷ್ಟ, ಹಾಗಾಗಿ ಸಂಜೆ ಮಾಡಿ, ಮೊದ್ಲು ಹತ್ತು ನಿಮಿಷ ಸೂರ್ಯನಮಸ್ಕಾರ ಹಾಕಿ ಮೈ ಬಿಸಿ ಆದ್ಮೇಲೇ ಸ್ಟ್ರೆಚ್. ವಾರಕ್ಕೆ 3-4 ದಿನ, ಒಂದೊಂದು ಹಿಡಿತ 30ರಿಂದ 60 ಸೆಕೆಂಡ್ ಸಾಕು.

ಕೂರೋ ಮೂಳೆ ಹತ್ರ ಚುಚ್ಚಿದಂಗೆ ನೋವು ಬಂದ್ರೆ ಮಾತ್ರ ತಕ್ಷಣ ನಿಲ್ಲಿಸಿ, ಅಲ್ಲಿರೋ ಸ್ನಾಯುರಜ್ಜು ಕೆರಳಿದ್ರೆ ತಿಂಗಳುಗಟ್ಟಲೆ ಕಾಡುತ್ತೆ. ದಿನಾ ಅಳತೆ ನೋಡ್ಬೇಡಿ, ತಿಂಗಳಿಗೊಂದು ಸಲ ಪಕ್ಕದಿಂದ ಫೋಟೋ ತೆಗೀರಿ.